ಹೆಣ್ಣು ನೋಡಲು ನಾಲ್ಕು ಚೌಕ

ಪಾಲಿಬೆಟ್ಟದ ಆ ಬಂಗಲೆಯ ಗೇಟು ದಾಟುವಷ್ಟರಲ್ಲೇ ಶಶಿಕುಮಾರ್ ಮನಸ್ಸಿನಲ್ಲಿ ಅರ್ಧ ಮದುವೆ ಮುಗಿಸಿದ್ದ.

ಹೆಣ್ಣು ನೋಡುವ ಶಾಸ್ತ್ರ ಇದ್ದದ್ದು ಮರುದಿನ. ಆದರೆ ಕುಶಾಲನಗರದ ವ್ಯಾಪಾರಿಗಳಿಗೆಲ್ಲ ಸ್ವಾಟ್ ವಿಶ್ಲೇಷಣೆ ಬೋಧಿಸುವ ಮನುಷ್ಯ ಕಣ್ಣುಮುಚ್ಚಿ ಮದುವೆಯಾಗುವುದುಂಟೆ? ಬಲ, ದೌರ್ಬಲ್ಯ, ಅವಕಾಶ, ಅಪಾಯ. ಈ ನಾಲ್ಕು ಚೌಕ ತುಂಬದೆ ಅವನು ಸೌತೆಕಾಯಿಯನ್ನೂ ಕೊಳ್ಳುತ್ತಿರಲಿಲ್ಲ. ಹೆಣ್ಣಿನ ಮನೆಗೆ ಜಾತಕ ಹೋಗಿತ್ತು, ಫೋಟೋ ಹೋಗಿರಲಿಲ್ಲ. ತನ್ನನ್ನು ನೇರವಾಗಿ ನೋಡಿದರೇ ಪರಿಣಾಮ ಜಾಸ್ತಿ ಎಂದು ಅವನೇ ತಡೆದಿದ್ದ.

"ದೊಡ್ಡೋರನ್ನ ಬಿಟ್ಟು ಹೆಣ್ಣಿನ ಮನೆಗೆ ಯಾರಾದ್ರೂ ಒಬ್ರೇ ಹೋಗ್ತಾರೇನ್ಲಾ?" ಎಂದು ತಾಯಿ ರಾಮಮ್ಮ ಬೈದಿದ್ದರು.

"ಇದು ಫೀಲ್ಡ್ ಸ್ಟಡಿ ಅಮ್ಮ. ನಿಂಗೆ ಅರ್ಥ ಆಗಲ್ಲ."

ಬಲ: ನಲವತ್ತು ಎಕರೆ ಕಾಫಿ. ಅವಕಾಶ: ರಂಜಿತಾ ಒಬ್ಬಳೇ ಮಗಳು. ಅಪಾಯ: ಮಾವನಾಗುವ ನಾಗರಾಜು ಇನ್ನೂ ಗಟ್ಟಿಮುಟ್ಟು. ದೌರ್ಬಲ್ಯ ಮಾತ್ರ ಸಿಕ್ಕಿರಲಿಲ್ಲ. ಅದೊಂದು ಸಿಕ್ಕರೆ ಅರ್ಧ ತೋಟ ಕೇಳುವ ಧೈರ್ಯ ಬರುತ್ತಿತ್ತು.

ನಾಗರಾಜು ಹೆಸರನ್ನೂ ಕೇಳದೆ ಒಳಗೆ ಕರೆದು ಕೂರಿಸಿದರು. ನೋಡಿದ ಕೂಡಲೇ ಗಂಡು ತಾನೇ ಎಂದು ಗುರುತು ಹಿಡಿದರಲ್ಲ ಎಂದು ಶಶಿ ಬೀಗಿದ.

"ಕುಡಿತ ಇದೆಯೇನಪ್ಪ?"

"ಇಲ್ಲ ಸಾರ್."

"ತೋಟಕ್ಕೆ ಆನೆ ಬಂದ್ರೆ?"

"ಎದುರಿಸ್ತೀನಿ."

"ಎದುರಿಸೋದು ಬೇಡ. ಓಡು."

ರಂಜಿತಾ ಬಂದು ಎದುರಿಗೇ ಕುಳಿತಳು. ನಾಚಿಕೆಯ ಸುಳಿವೂ ಇಲ್ಲ. "ನೀವಾದ್ರೂ ನಿಲ್ತೀರಾ? ಮುಂಚೆ ಇದ್ದವರು ಆರೇ ತಿಂಗಳಿಗೆ ಬಿಟ್ಟು ಹೋದ್ರು."

ಶಶಿ ಪೆಚ್ಚಾದ. ಮರುಕ್ಷಣವೇ ಹಿಗ್ಗಿದ. ಹಾಗಾದರೆ ಹುಡುಗಿಗೆ ಇದು ಎರಡನೇ ಮದುವೆ! ನಾಲ್ಕನೇ ಚೌಕ ತಾನಾಗಿ ಬಂದು ಮಡಿಲಿಗೆ ಬಿದ್ದಿತ್ತು. ಪಾಪ, ಹುಡುಗಿ ಎಷ್ಟು ನೊಂದಿರಬೇಕು ಎಂಬ ಯೋಚನೆ ಅವನ ತಲೆಗೆ ಹೊಳೆಯಲೇ ಇಲ್ಲ.

"ಹಳೇದೆಲ್ಲ ನಾನು ಕೆದಕಲ್ಲ," ಎಂದ ಉದಾರವಾಗಿ. "ಜೀವನಪೂರ್ತಿ ಇರ್ತೀನಿ. ಅರ್ಧ ತೋಟ ನನ್ನ ಹೆಸರಿಗೆ ಮಾಡಿಬಿಡಿ, ಸಾಕು."

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ನಾಗರಾಜುಗೆ ನಗು ತಡೆಯಲಾಗಲಿಲ್ಲ.

"ಆಳುಗಳ ಹಾಜರಿ ಬರೆಯೋ ರೈಟರ್ ಕೆಲಸಕ್ಕೆ ಬೆಳಿಗ್ಗೆಯಿಂದ ಎಷ್ಟೋ ಹುಡುಗರು ಬಂದ್ರು, ತೋಟ ಕೇಳಿದವನು ನೀನೊಬ್ಬನೇ ಕಣಯ್ಯ! ಇರಲಿ, ನಾಳೆ ಬೇಗ ಬಾ; ಮಗಳನ್ನ ನೋಡೋಕೆ ಕುಶಾಲನಗರದಿಂದ ಗಂಡಿನವರು ಬರ್ತಾರೆ, ಕುರ್ಚಿ ಹಾಕಬೇಕು."