ಅಂಟು ದಾಹ

ಹುಟ್ಟಿದ ಮಗುವಿಗೆ ದಾಹ ನಿಲ್ಲಿಸುವ ಲಸಿಕೆ ಕಡ್ಡಾಯವಾದ ಮೇಲೆ ಊರಿನಲ್ಲಿ ನೀರಿನ ತಕರಾರೇ ಇರಲಿಲ್ಲ. ಸೈರನ್ ಕೂಗಿದಾಗ ಎಲ್ಲರೂ ಬಾಟಲಿಯ ಒಂದೊಂದು ಮುಚ್ಚಳದಷ್ಟು ನೀರು ಕುಡಿದು, ಒಡೆದ ತುಟಿಗಳಿಂದಲೇ ಸರ್ಕಾರವನ್ನು ಹೊಗಳುತ್ತಿದ್ದರು. ಫಕೀರವ್ವನ ಎರಡು ವರ್ಷದ ಮಗಳು ರೇಣುವಿಗೆ ಮಾತ್ರ ಲಸಿಕೆ ಕೆಲಸ ಮಾಡಿರಲಿಲ್ಲ. ಎದ್ದರೂ ನೀರು, ಬಿದ್ದರೂ ನೀರು.

ತನ್ನ ಪಾಲನ್ನೂ ಮಗಳಿಗೇ ಕುಡಿಸಿ ಸೋತ ಫಕೀರವ್ವ ಆಸ್ಪತ್ರೆಗೆ ಬಂದಳು.

“ಇನ್ನೊಂದು ಸೂಜಿ ಚುಚ್ಚಿದ್ರ ಸುಮ್ಮನಾಗ್ತಾಳ,” ಎಂದರು ಡಾಕ್ಟರು.

“ಜೀವಕ್ಕೇನೂ ಆಗಂಗಿಲ್ಲಲ್ರೀ?”

“ನನ್ನ ನೋಡ್ರಿ, ಎಷ್ಟು ಆರಾಮದೀನಿ.” ಹಾಗೆಂದವರ ತುಟಿಯಿಂದ ರಕ್ತ ಜಿನುಗಿತು.

ರೇಣು, ಅವ್ವ ದಾರಿಗೆಂದು ಕೂಡಿಟ್ಟು ತಂದಿದ್ದ ತನ್ನ ನೀರಿನ ಲೋಟವನ್ನು ಅವರ ಬಾಯಿಗೆ ಹಿಡಿದಳು. ಡಾಕ್ಟರು ಬೇಡ ಬೇಡವೆನ್ನುತ್ತಲೇ ಗಟಗಟನೆ ಕುಡಿದರು.

ಫಕೀರವ್ವ ಸೂಜಿಗೆ ಕಾಯದೆ ಮಗಳನ್ನು ಎತ್ತಿಕೊಂಡಳು.

“ಇದು ಅಂಟುರೋಗ ಐತಿ,” ಎಂದರು ಡಾಕ್ಟರು, ಖಾಲಿ ಲೋಟ ಬಿಡದೆ. “ನಾಳೆ ಮತ್ತ ಕರ್ಕೊಂಡು ಬರ್ರಿ.”