ಊರಮ್ಮ ಕೊಟ್ಟ ಹೆಸರು

ಏಳು ಹಳ್ಳಿ ಹುಡುಕಿದರೂ ಸಿಗದ ಹೆಸರು ಅದು: ಋತಂಭರೆ. ಅವಳು ಬಸುರಿಯಾಗಿದ್ದಾಗ ಗಂಡ ಅದನ್ನು ನಿದ್ದೆಯಲ್ಲಿ ಕನವರಿಸಿದ್ದ. "ಯಾರ್ರೀ ಅದು?" ಎಂದು ಕೇಳಿದ್ದಕ್ಕೆ, "ಊರಮ್ಮ ಕನಸಿಗೆ ಬಂದಿದ್ದಳು ಕಣೇ. ಹೆಣ್ಣಾದರೆ ಈ ಹೆಸರಿಡು ಅಂದಳು. ಸತ್ಯವನ್ನು ಹೊತ್ತವಳು ಅಂತ ಅರ್ಥ" ಎಂದಿದ್ದ. ಅಂದಿನಿಂದ ಅವಳು ಒಂದು ದಿನವೂ ತಪ್ಪದೆ ಅಮ್ಮನಿಗೆ ತುಪ್ಪದ ದೀಪ ಹಚ್ಚಿದ್ದಳು.

ತೊಟ್ಟಿಲ ಶಾಸ್ತ್ರದ ದಿನ ಆ ಹೆಸರು ಹೇಳಹೋಗಿ ಅತ್ತೆಯ ನಾಲಗೆ ತೊಡರಿತು. "ಹೆಸರೋ, ಕಬ್ಬಿಣದ ಕಡಲೆಯೋ?" ಎಂದು ನೆರೆಯವರು ನಕ್ಕರು. ಮಗುವಿನ ಕಿವಿಯಲ್ಲಿ ಹೆಸರು ಉಸುರಬೇಕಾದವಳು ಸೋದರತ್ತೆ. ಗಂಡನ ಅಕ್ಕನಿಗೋ ಅಕ್ಷರ ಬಾರದು. ಆದರೂ ತೊಟ್ಟಿಲಿಗೆ ಬಗ್ಗಿ, ಮೂರು ಸಲವೂ ಹೂ ಎತ್ತಿದಂತೆ ಸಲೀಸಾಗಿ ಹೇಳಿದರು.

"ಅಬ್ಬಾ, ಯಾವಾಗ ಕಲಿತಿರಿ ಅತ್ತಿಗೆ?" ಎಂದಳು ಅವಳು.

ಗಂಡ ಚೆನ್ನಾಗಿಯೇ ಉರಿಯುತ್ತಿದ್ದ ದೀಪದ ಬತ್ತಿ ಸರಿಪಡಿಸತೊಡಗಿದ.

ಅತ್ತಿಗೆ ಪ್ರೀತಿಯಿಂದ ಅವಳ ತಲೆ ನೇವರಿಸಿದರು. "ಇಬ್ಬರಿಗೂ ಒಂದೇ ಹೆಸರಿರಲಿ ಅಂದೆಯಂತಲ್ಲ, ದೊಡ್ಡ ಮನಸ್ಸು ತಾಯಿ ನಿಂದು. ಹೋದ ವರ್ಷ ಪೇಟೇಲಿ ನನ್ನ ತಮ್ಮನ ಆ ಮಗಳ ಕಿವೀಲೂ ನಾನೇ ಹೇಳಿದ್ದು."