ಎದೆಯ ಮೇಲಿನ ಕೆಂಪು ಚುಕ್ಕೆ

"ಕೆಂಪು ಚುಕ್ಕೆ ನನ್ನ ಎದೆ ಮೇಲೇ ಬಿತ್ತು ಸ್ವಾಮಿ. ಇದೇ ಅಂಗಿ. ಮೇಲಿಂದ ಎರಡನೇ ಗುಂಡಿ."

ಸಾಕ್ಷಿ ಕಟಕಟೆಯಲ್ಲಿ ನಿಂತು ರಸ್ಟಿ ಹಾಲ್ಕಂ ಬೆರಳಿಟ್ಟು ತೋರಿಸಿದ. ಅಂಗಿಯನ್ನು ಕೋರ್ಟಿಗೆಂದೇ ಒಗೆದು ಇಸ್ತ್ರಿ ಮಾಡಿಸಿದ್ದ. ಆದರೂ ಮೈಯಿಂದ ಕೋಳಿ ಶೆಡ್ಡಿನ ನಾತ ಹೋಗಿರಲಿಲ್ಲ. ಆರೋಪಿಯ ಜಾಗದಲ್ಲಿದ್ದ ಲಡೋನಾ ಪ್ರೂಯಿಟ್ ಮೂಗಿಗೆ ಕರವಸ್ತ್ರ ಒತ್ತಿಕೊಂಡಳು. ಒಂಬತ್ತು ತಿಂಗಳಿಂದ ಅವಳು ಈ ನಾತದಲ್ಲೇ ಉಸಿರಾಡುತ್ತಿದ್ದಳು.

ಪೂರ್ವ ಟೆಕ್ಸಾಸಿನ ಆ ಹಳ್ಳದ ಮೇಲುಗಡೆ ರಸ್ಟಿಯ ಕೋಳಿ ಶೆಡ್ಡುಗಳು, ಕೆಳಗಡೆ ಲಡೋನಾಳ ಮೇಕೆಗಳು. ಸತ್ತ ಕೋಳಿಗಳನ್ನು ಹೂಳಲು ಸೋಮಾರಿತನ; ಎಲ್ಲವನ್ನೂ ಹಳ್ಳಕ್ಕೆ ಎಸೆಯುತ್ತಿದ್ದ. ಉಬ್ಬಿದ ಹೊಟ್ಟೆ, ಹುಳ ಹಿಡಿದ ರೆಕ್ಕೆ, ನೀರಿನ ಮೇಲೆ ಜಿಡ್ಡಿನ ಪದರ. ಆ ನೀರು ಕುಡಿದು ಹನ್ನೊಂದು ಮೇಕೆ ಸತ್ತವು. ಕೇಳಲು ಹೋದರೆ ಅವಳ ಬೂಟಿನ ಪಕ್ಕದಲ್ಲೇ ತಂಬಾಕು ಉಗಿದು ನಕ್ಕ. ಥೂ, ಇವನೂ ಒಬ್ಬ ಮನುಷ್ಯನೇ?

ಮಾರ್ಚ್ ಎಂಟರ ಬೆಳಿಗ್ಗೆ ಅವಳು ಮತ್ತೆ ಅವನ ಗೇಟಿಗೆ ಹೋಗಿದ್ದಳು. ಅದನ್ನು ಎಲ್ಲರೂ ಒಪ್ಪಿದ್ದರು. ಸೊಂಟದಲ್ಲಿ ರಿವಾಲ್ವರ್ ಇತ್ತು, ಅದೂ ನಿಜ. ಆ ಊರಿನವರು ಅಂಗಡಿಗೆ ಹೋಗುವಾಗ ಚೀಲ ಮರೆತಾರು, ಅದನ್ನು ಮರೆಯರು. ಅವಳದು ಅಂಗೈಯಗಲದ್ದು, ಐದೇ ಗುಂಡಿನದು. ಅದರ ಮೇಲೊಂದು ಪುಟ್ಟ ಗಾಜು. ರೆಡ್ ಡಾಟ್ ಎನ್ನುತ್ತಾರೆ, ಕೆಂಪು ಚುಕ್ಕೆಯಿಂದ ಗುರಿ ನೋಡುವುದು. ಅರವತ್ತೆಂಟರ ಕಣ್ಣಿಗೆ ನಳಿಕೆಯ ತುದಿ ಮಸುಕಾದಾಗ ಹಾಕಿಸಿದ್ದು. ಮೇವಿನ ಅಂಗಡಿಯಲ್ಲಿ ಅದನ್ನು ನೋಡಿದ ದಿನ ರಸ್ಟಿ, "ಏನಜ್ಜಿ, ಪಿಸ್ತೂಲಿಗೂ ಕನ್ನಡಕ ಹಾಕ್ಸಿದ್ಯಾ?" ಎಂದು ಎಲ್ಲರನ್ನೂ ನಗಿಸಿದ್ದ.

ಗುರಿ ಹಿಡಿದು ಬೆದರಿಸಿದಳೆಂದು ಸಾಬೀತಾದರೆ ಒಂದು ವರ್ಷ ಜೈಲು. ಉಳಿದ ಮೇಕೆಗಳಿಗೆ ಯಾರು ಗತಿ? ವಕೀಲ "ತುಟಿ ಪಿಟಕ್ ಅನ್ಬೇಡಿ" ಎಂದಿದ್ದ. ಅವಳು ಅನ್ನಲಿಲ್ಲ.

ಜಡ್ಜ್ ಟಿಡ್ವೆಲ್ ಮುಂದಕ್ಕೆ ಬಾಗಿದರು. "ಚುಕ್ಕೆನ ಕಣ್ಣಾರೆ ಕಂಡ್ಯಾ?"

"ಈಗ ನಿಮ್ಮನ್ನ ನೋಡ್ತಿರೋ ಹಾಗೆ. ಮುದುಕಿ ಕೈ ನೋಡಿ, ಚುಕ್ಕೆ ಗಡಗಡ ಕುಣೀತಿತ್ತು. ಆರನೇ ವಯಸ್ಸಿಂದ ಬಂದೂಕು ಹಿಡ್ದೋನು ಸ್ವಾಮಿ ನಾನು. ನಂಗೆ ಹೇಳ್ಕೊಡ್ಬೇಕಾ?"

"ನೀನು ಹಿಡ್ದಿದ್ದು ನಿಮ್ಮಪ್ಪನ ಕಾಲದ ಹಕ್ಕಿ ಹೊಡಿಯೋ ಬಂದೂಕು."

ಜಡ್ಜ್ ಕಪ್ಪು ನಿಲುವಂಗಿ ಸರಿಸಿ ತಮ್ಮ ಸೊಂಟದ ರಿವಾಲ್ವರ್ ತೆಗೆದರು. ಅದರ ಮೇಲೂ ಅಂಥದೇ ಗಾಜು. ಗುಂಡುಗಳನ್ನು ಮೇಜಿನ ಮೇಲೆ ಸುರಿದು, ಖಾಲಿ ಗೋಡೆಯೊಂದಕ್ಕೆ ಗುರಿ ಹಿಡಿದರು. "ಎಲ್ಲಿದೆ ಚುಕ್ಕೆ, ತೋರ್ಸು."

ರಸ್ಟಿ ಗೋಡೆಯನ್ನು ಮೇಲಿಂದ ಕೆಳಗೆ ಹುಡುಕಿದ. ಗೋಡೆಯ ಮೇಲೆ ಏನೂ ಇರಲಿಲ್ಲ.

"ಈಗ ಈ ಕಡೆ ಬಾ. ನನ್ನ ಹಿಂದಿಂದ ಗಾಜಿನೊಳಗೆ ನೋಡು."

ಚುಕ್ಕೆ ಗಾಜಿನೊಳಗಿತ್ತು.

"ಸಿನಿಮಾದಲ್ಲಿ ಎದೆ ಮೇಲೆ ಬೀಳೋದು ಲೇಸರ್ ಕಣಯ್ಯಾ. ಇದು ಹಿಡಿದೋರ ಕಣ್ಣಿಗೆ ಮಾತ್ರ. ಎದುರಿಗೆ ನಿಂತೋನಿಗೆ ತಿಪ್ಪರಲಾಗ ಹಾಕಿದ್ರೂ ಕಾಣಲ್ಲ. ಕಾಣದೇ ಇರೋದನ್ನ ಕಂಡೆ ಅಂತೀಯ. ಉಳಿದಿದ್ದನ್ನ ನಾನು ಹ್ಯಾಗೆ ನಂಬ್ಲಿ?"

ಕೇಸು ವಜಾ ಆಯಿತು. ಹಳ್ಳದಲ್ಲಿನ ಹೆಣಗಳನ್ನು ಎತ್ತದಿದ್ದರೆ ಮುಂದಿನ ಸಲ ಆರೋಪಿಯ ಜಾಗ ನಿನ್ನದು ಎಂದು ಜಡ್ಜ್ ಗದರಿದರು. ಗುಮಾಸ್ತ ಲಡೋನಾಳ ರಿವಾಲ್ವರನ್ನು ಕಾಗದದ ಚೀಲದಲ್ಲಿ ಹಾಕಿ ಹಿಂದಿರುಗಿಸಿದ.

ಪಿಕಪ್ಪಿನಲ್ಲಿ ಕುಳಿತು ಅವಳು ಗಾಜನ್ನು ಕರವಸ್ತ್ರದಿಂದ ಒರೆಸಿ, ರಿವಾಲ್ವರನ್ನು ಸೊಂಟಕ್ಕೆ ಸಿಕ್ಕಿಸಿದಳು. ರಸ್ಟಿಯ ಹೊಲಸು ಬಾಯಿಗೆ ಸುಳ್ಳು ಹೇಳಲೂ ಬರಲಿಲ್ಲ. ಕಂಡದ್ದನ್ನಷ್ಟೇ ಹೇಳಿದ್ದರೆ ಸಾಕಿತ್ತು.

ಆ ಬೆಳಿಗ್ಗೆ ಚುಕ್ಕೆ ನಿಂತಿದ್ದು ಎರಡನೆಯ ಗುಂಡಿಯ ಮೇಲಲ್ಲ, ಮೂರನೆಯದರ ಮೇಲೆ. ಮತ್ತು ಅದು ಒಂದಿಷ್ಟೂ ಕುಣಿದಿರಲಿಲ್ಲ.